ಹೆಸರಿಲ್ಲದ ಒಂಬತ್ತು ದಿನ ಮತ್ತು ಆತಕೂರಿನ ಕಾಳಿ

ನಮ್ಮ ಮನೆಗೆ ಹೊಸಬರೊಬ್ಬರು ಬಂದು ಇವತ್ತಿಗೆ ಹತ್ತು ದಿನ. ನಾಲ್ಕು ಕಾಲು, ಒಂದು ಬಾಲ, ಮೈಗಿಂತ ದೊಡ್ಡ ಹೊಟ್ಟೆ. ನಮ್ಮ ಬೀದಿಯ ಕೊನೆಯಲ್ಲಿ ತಿಂಗಳುಗಟ್ಟಲೆ ನಿಂತಿರುವ ಹಳೇ ಕಾರಿನ ಕೆಳಗೆ ಮೂರು ಮರಿಗಳಿದ್ದವು. ತಾಯಿ ಎರಡು ದಿನದಿಂದ ಕಾಣಿಸಿರಲಿಲ್ಲ. ಗಂಡು ಮರಿ ಎರಡನ್ನೂ ಪಕ್ಕದ ಬೀದಿಯವರು ಎತ್ತಿಕೊಂಡು ಹೋದರು. ಉಳಿದದ್ದು ಹೆಣ್ಣು ಅಂತ ಯಾರೂ ಮುಟ್ಟಲಿಲ್ಲ. ಸಂಜೆ ಮಳೆ ಬರೋ ಹಾಗಿತ್ತು. ಲ್ಯಾಪ್‌ಟಾಪ್ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು, ಅದನ್ನು ಜರ್ಕಿನ್ ಒಳಗೆ ಇಟ್ಟುಕೊಂಡು ಮನೆಗೆ ಬಂದೆ.

ಬಾಗಿಲು ತೆಗೆದ ಅಮ್ಮ ನನ್ನ ಮುಖ ನೋಡಲಿಲ್ಲ, ಜರ್ಕಿನ್ ನೋಡಿದರು. "ಒಳಗೆ ಏನೋ ಅದು?" ಅಂದರು. ನಾನು ಉತ್ತರ ಕೊಡುವ ಮೊದಲೇ ಅದೇ "ಕುಂಯ್" ಅಂತು :)

ಮೊದಲ ರಾತ್ರಿ ಯಾರೂ ಮಲಗಲಿಲ್ಲ. ರಟ್ಟಿನ ಡಬ್ಬಕ್ಕೆ ಹಳೇ ಬಟ್ಟೆ ಹಾಸಿ ಮಲಗಿಸಿದರೂ ಒಂದೇ ಸಮ ಅಳು. ಮಧ್ಯರಾತ್ರಿ ಎದ್ದು ನೋಡಿದರೆ ಅಮ್ಮ ಬಾಟಲಿಗೆ ಬಿಸಿನೀರು ತುಂಬಿ, ಅದಕ್ಕೆ ತಮ್ಮ ಹಳೇ ಸೀರೆಯ ತುಂಡು ಸುತ್ತಿ ಮರಿಯ ಪಕ್ಕ ಇಡುತ್ತಿದ್ದರು. ತಾಯಿಯ ಬಿಸಿ ಅಂದುಕೊಂಡು ಅದು ಬಾಟಲಿಗೆ ಒರಗಿ ಮಲಗಿತು. ಸರಿ, ಅಮ್ಮ ಒಪ್ಪಿದ ಹಾಗೇ ಅಂದುಕೊಂಡೆ.

ಆದರೆ ಹೆಸರಿನ ವಿಷಯ ಬಂದಾಗ ಒಪ್ಪಲಿಲ್ಲ.

ಸಲಹೆಗಳಿಗೇನೂ ಬರವಿರಲಿಲ್ಲ. ಅಕ್ಕ ಫೋನಿನಲ್ಲೇ "ಬ್ರೂನೋ" ಅಂದಳು. ಹೆಣ್ಣು ಕಣೇ ಅಂದರೆ "ಹಾಗಾದ್ರೆ ಬ್ರೂನಿ" ಅಂದಳು. ಅಕ್ಕನ ಮಗಳು "ಓರಿಯೋ". ಮಹಡಿ ಮನೆಯ ಹುಡುಗರು "ಚಾರ್ಲಿ". 2022ರಲ್ಲಿ '777 ಚಾರ್ಲಿ' ಸಿನಿಮಾ ಬಂದಮೇಲೆ ನಮ್ಮ ಏರಿಯಾದಲ್ಲಿ "ಚಾರ್ಲೀ" ಅಂತ ಕೂಗಿದರೆ ಮೂರು ಗೇಟಿನಿಂದ ಮೂರು ನಾಯಿ ಇಣುಕುತ್ತವೆ. ವೇರಿಯಬಲ್‌ಗೆ ಹೆಸರಿಡೋದಕ್ಕೇ ಅರ್ಧ ಗಂಟೆ ತಲೆ ಕೆರೆದುಕೊಳ್ಳುವ ನಾನು ಒಂದು ಪಟ್ಟಿಯನ್ನೇ ಮಾಡಿದೆ. ಅಮ್ಮ ಮಾತ್ರ "ನಾಯಿಗೆ ನಾಯಿ ಅಂದ್ರೆ ಸಾಲದಾ?" ಅಂದು ಸುಮ್ಮನಾದರು. ಒಂಬತ್ತು ದಿನವೂ ಅದು ಅವರಿಗೆ ಬರೀ "ನಾಯಿ". ಬಲವಂತ ಮಾಡಿದಾಗ ಒಂದೇ ಮಾತು ಹೇಳಿದರು: "ಹೆಸರಿಟ್ರೆ ಋಣ ಶುರುವಾಗುತ್ತೆ ಕಣೋ."

ಈ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹಾಗಾದರೆ ನಮಗಿಂತ ಹಿಂದಿನವರು ನಾಯಿಗೆ ಹೆಸರಿಡುವಾಗ ಏನು ಯೋಚಿಸಿದ್ದರು ಅಂತ ಹುಡುಕುತ್ತಾ ಹೋದೆ. ಹುಡುಕಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

*

ನಾಯಿಗೆ ಹೆಸರಿಡುವುದರ ಬಗ್ಗೆ ಬುದ್ಧಿವಾದ ಹೇಳಿದ ಹಳಬರಲ್ಲಿ ಗ್ರೀಸಿನ ಕ್ಸೆನೊಫೋನ್ ಒಬ್ಬ. ಸಾಕ್ರಟೀಸನ ಶಿಷ್ಯ, ಸೈನಿಕ, ಇತಿಹಾಸಕಾರ. ಬೇಟೆಯ ಬಗ್ಗೆ ಅವನ ಹೆಸರಿನಲ್ಲಿರುವ ಪುಸ್ತಕದಲ್ಲಿ ಬೇಟೆನಾಯಿಗೆ ಚಿಕ್ಕ ಹೆಸರಿಡಿ, ಕೂಗಲು ಸುಲಭ ಎಂಬ ಸಲಹೆ ಇದೆ. ಅಷ್ಟೇ ಅಲ್ಲ, 47 ಹೆಸರುಗಳ ಪಟ್ಟಿಯನ್ನೂ ಕೊಟ್ಟಿದ್ದಾನೆ! ಪ್ರಾಣ, ಧೈರ್ಯ, ಕಾವಲುಗಾರ, ಸಂತೋಷ, ಯೌವನ ಇಂಥ ಅರ್ಥದ ಗ್ರೀಕ್ ಹೆಸರುಗಳು. ಎರಡು ಸಾವಿರದ ಮುನ್ನೂರು ವರ್ಷಕ್ಕೂ ಹಳೆಯ ಪಟ್ಟಿ. ನಾಯಿ ತರಬೇತಿ ಕೊಡುವವರು ಈಗಲೂ ಅದನ್ನೇ ಹೇಳುತ್ತಾರೆ: ಎರಡಕ್ಷರ ಇರಲಿ, ಸ್ಪಷ್ಟವಾಗಿರಲಿ.

ಅದಕ್ಕೂ ಹಿಂದೆ ಹೋದರೆ ಈಜಿಪ್ಟ್. ಕ್ರಿಸ್ತಪೂರ್ವ 21ನೇ ಶತಮಾನದಲ್ಲಿ ಆಳಿದ ಎರಡನೇ ಇಂತೆಫ್ ಎಂಬ ರಾಜನ ಸಮಾಧಿಕಲ್ಲಿನಲ್ಲಿ ರಾಜನ ಜತೆಗೆ ಅವನ ನಾಯಿಗಳನ್ನೂ ಕೆತ್ತಿ, ಅವುಗಳ ಹೆಸರನ್ನೂ ಬರೆದಿದ್ದಾರೆ. ಮಜಾ ಏನು ಗೊತ್ತಾ? ಆ ಹೆಸರುಗಳು ಈಜಿಪ್ಟಿನ ಭಾಷೆಯವಲ್ಲ, ಪಶ್ಚಿಮದ ಲಿಬಿಯಾ ಕಡೆಯ ಭಾಷೆಯವು. ಜನಕ್ಕೆ ತಿಳಿಯಲಿ ಅಂತ ಕೆಲವು ಹೆಸರಿನ ಪಕ್ಕ ಅರ್ಥವನ್ನೂ ಕೊಟ್ಟಿದ್ದಾರೆ. ಬೆಹ್ಕಾಯ್ ಅಂದರೆ ಒಂದು ಬಗೆಯ ಜಿಂಕೆ. ಪೆಹ್ತೆಸ್ ಅಂದರೆ ಕರಿಯ. ಅಂದರೆ ನಮ್ಮೂರಿನ ಟಾಮಿ, ಜೂಲಿಗಳ ಹಾಗೆ ನಾಯಿಗೆ ಪರಭಾಷೆಯ ಹೆಸರಿಡುವ ಚಾಳಿಗೂ ನಾಲ್ಕು ಸಾವಿರ ವರ್ಷ, ಮೈಬಣ್ಣ ನೋಡಿ ಕರಿಯ ಅನ್ನುವುದಕ್ಕೂ ನಾಲ್ಕು ಸಾವಿರ ವರ್ಷ :)

ಇನ್ನೂ ಹಳೆಯದೊಂದಿದೆ. 1935ರಲ್ಲಿ ಗೀಜಾದಲ್ಲಿ ಒಂದು ಶಾಸನದ ಕಲ್ಲು ಸಿಕ್ಕಿತು. ಈಜಿಪ್ಟಿನ ಆರನೇ ರಾಜವಂಶದ ಕಾಲದ್ದು. ಅರಸನಿಗೆ ಕಾವಲಿದ್ದ ನಾಯಿಗೆ ಶವಪೆಟ್ಟಿಗೆ, ನಯವಾದ ನಾರುಬಟ್ಟೆ, ಧೂಪ ಎಲ್ಲ ಕೊಟ್ಟು ಮರ್ಯಾದೆಯಿಂದ ಹೂಳುವಂತೆ ಅರಸನೇ ಅಪ್ಪಣೆ ಮಾಡಿದ ಅಂತ ಅದರಲ್ಲಿದೆ. ಆ ನಾಯಿಯ ಹೆಸರು ಅಬುತಿಯು. ಸಮಾಧಿ ಸಿಕ್ಕಿಲ್ಲ, ಹೆಸರು ಸಿಕ್ಕಿದೆ.

ನಮ್ಮಲ್ಲಿ? ಋಗ್ವೇದದಲ್ಲಿ ಕಳುವಾದ ಹಸುಗಳನ್ನು ಹುಡುಕಿಕೊಡುವ ಸರಮೆ ಇದ್ದಾಳೆ. ಮಹಾಭಾರತದ ಆದಿಪರ್ವದಲ್ಲಿ ಅದೇ ಸರಮೆಯ ಮರಿಯನ್ನು ಜನಮೇಜಯನ ತಮ್ಮಂದಿರು ಸುಮ್ಮಸುಮ್ಮನೆ ಹೊಡೆಯುತ್ತಾರೆ. ತಪ್ಪು ಮಾಡದ ನನ್ನ ಮಗನನ್ನು ಯಾಕೆ ಹೊಡೆದಿರಿ ಅಂತ ಅವಳು ಬಂದು ಕೇಳುತ್ತಾಳೆ. ಉತ್ತರ ಸಿಗದೆ ಶಾಪ ಕೊಡುತ್ತಾಳೆ. ಅದೇ ಗ್ರಂಥದ ಕೊನೆಗೆ ಧರ್ಮರಾಯನ ಹಿಂದೆ ಹಿಮಾಲಯ ಹತ್ತುವ ನಾಯಿಗೆ ಮಾತ್ರ ಹೆಸರೇ ಇಲ್ಲ. ಸ್ವರ್ಗದ ಬಾಗಿಲಲ್ಲಿ ನಿಂತು ಇದನ್ನು ಬಿಟ್ಟು ಬರಲ್ಲ ಅಂದವನು ಕೂಡ ಅದನ್ನು ಹೆಸರು ಹಿಡಿದು ಕರೆಯಲಿಲ್ಲ.

ಇವೆಲ್ಲ ದೂರದ ಮಾತಾಯಿತು. ನಮ್ಮ ಮಂಡ್ಯ ಜಿಲ್ಲೆಗೇ ಬರೋಣ.

*

ಮದ್ದೂರು ತಾಲೂಕಿನಲ್ಲಿ ಆತಕೂರು ಅಂತ ಒಂದು ಊರು. ಅಲ್ಲಿ ಸಿಕ್ಕ ಒಂದು ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಬಿ. ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಇದರ ಪಾಠವಿದೆ. ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಶಾಸನ. ನನ್ನಂಥ ಇಂಜಿನಿಯರಿಂಗ್ ಓದಿದವರಿಗೆ ಗೊತ್ತಿರುವುದು ಕಡಿಮೆ. ಶಾಲೆಯಲ್ಲಿದ್ದಾಗ ಪ್ರವಾಸಕ್ಕೆ ಹೋಗಿ ಆ ಮ್ಯೂಸಿಯಂ ಸುತ್ತಿದ್ದೇನೆ. ಆಮೇಲೆ ಐಸ್‌ಕ್ರೀಂ ತಿಂದದ್ದು ನೆನಪಿದೆ, ಕಲ್ಲು ನೆನಪಿಲ್ಲ.

ಕಲ್ಲಿನ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ. ಅಂದರೆ ಕ್ರಿ.ಶ. 949-50. ಪಂಪ ವಿಕ್ರಮಾರ್ಜುನ ವಿಜಯ ಬರೆದ 941ಕ್ಕೂ ಇದಕ್ಕೂ ಎಂಟೊಂಬತ್ತೇ ವರ್ಷದ ಅಂತರ. ಭಾಷೆ ಹಳಗನ್ನಡ. ಆಗ ರಾಷ್ಟ್ರಕೂಟರ ಮೂರನೇ ಕೃಷ್ಣ (ಶಾಸನಗಳ ಕನ್ನರದೇವ) ಮಾನ್ಯಖೇಟದಲ್ಲಿ ಆಳುತ್ತಿದ್ದ. ಅವನ ಭಾವಮೈದುನ, ಗಂಗರ ಇಮ್ಮಡಿ ಬೂತುಗ, ಅವನ ಸಾಮಂತ. ಇಬ್ಬರೂ ಸೇರಿ ತಕ್ಕೋಲಂನಲ್ಲಿ (ಈಗಿನ ತಮಿಳುನಾಡಿನ ಅರಕ್ಕೋಣಂ ಹತ್ತಿರ) ಚೋಳರ ಯುವರಾಜ ರಾಜಾದಿತ್ಯನ ಮೇಲೆ ಯುದ್ಧ ಮಾಡಿದರು. ರಾಜಾದಿತ್ಯ ಸತ್ತ. ಅವನನ್ನು ಕೊಂದವನು ಬೂತುಗ ಅಂತ ಈ ಕಲ್ಲು ಹೇಳುತ್ತದೆ. ಮೆಚ್ಚಿದ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟ. ನಾಡುಗಟ್ಟಲೆ ಭೂಮಿ!

ಅದೇ ಯುದ್ಧದಲ್ಲಿ ಬೂತುಗನ ಕಡೆ ಮಣಲೆರ ಎಂಬ ವೀರನಿದ್ದ. ಅವನೂ ಮುಂದೆ ನಿಂತು ಹೋರಾಡಿದ್ದ. ಅರಸ ಮೆಚ್ಚಿ, ಏನು ಬೇಕೋ ಬೇಡಿಕೋ ಅಂದ. ಒಂದು ಕ್ಷಣ ನಿಮ್ಮನ್ನು ಆ ಜಾಗದಲ್ಲಿ ಇಟ್ಟುಕೊಂಡು ನೋಡಿ. ಪಕ್ಕದವನು ಹನ್ನೆರಡು ಸಾವಿರದ ನಾಡು ತಗೊಂಡಿದ್ದಾನೆ. ನಾವಾಗಿದ್ದರೆ ಏನು ಕೇಳುತ್ತಿದ್ದೆವು?

ಮಣಲೆರ ಕೇಳಿದ್ದು ಒಂದು ನಾಯಿ. ಅದರ ಹೆಸರು ಕಾಳಿ.

ಅಂದರೆ ಕಾಳಿಗೆ ಹೆಸರಿಟ್ಟವನು ಮಣಲೆರ ಅಲ್ಲ. ಹೆಸರಿದ್ದ ನಾಯಿಯನ್ನೇ, ಹೆಸರು ಹಿಡಿದೇ ಕೇಳಿ ಪಡೆದ. ನಾಯಿ ಎಂಬ ಪದ ಕನ್ನಡದಲ್ಲಿ ನಪುಂಸಕಲಿಂಗವಾದ್ದರಿಂದ ಕಾಳಿ ಗಂಡೋ ಹೆಣ್ಣೋ ಎಂದು ವ್ಯಾಕರಣ ಹೇಳುವುದಿಲ್ಲ.

ಮುಂದಿನ ಕಥೆ ಚಿಕ್ಕದು. ಕೆಲಲೆ ನಾಡಿನ ಬೆಳತೂರಿನ ಹತ್ತಿರ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಛೂ ಬಿಟ್ಟರು. ಹಂದಿಯೂ ನಾಯಿಯೂ ಕಾದಾಡಿ ಎರಡೂ ಸತ್ತವು. ಮಣಲೆರ ಆತಕೂರಿನ ಚೆಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದ. ಅದರ ಮೇಲೆ ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಕೆತ್ತಿಸಿದ. ಊರು ಉಳಿಸಲು, ದನ ಬಿಡಿಸಲು ಸತ್ತವರಿಗೆ ವೀರಗಲ್ಲು ಹಾಕಿಸುವ ನಾಡಿನಲ್ಲಿ ನಾಯಿಗೂ ಒಂದು ವೀರಗಲ್ಲು.

ಇಲ್ಲೊಂದು ಸ್ವಾರಸ್ಯವಿದೆ. ತಕ್ಕೋಲಂ ಯುದ್ಧದ ಬಗ್ಗೆ ಬರೆಯುವ ಯಾವ ಇತಿಹಾಸಕಾರನೂ ಈ ಕಲ್ಲನ್ನು ಬಿಟ್ಟು ಮುಂದೆ ಹೋಗಲಾರ. ಚೋಳ, ರಾಷ್ಟ್ರಕೂಟರ ಅಷ್ಟು ದೊಡ್ಡ ಯುದ್ಧಕ್ಕೆ ಮುಖ್ಯ ಸಾಕ್ಷಿಗಳಲ್ಲಿ ಒಂದು, ನಾಯಿ ಸತ್ತ ದುಃಖಕ್ಕೆ ಹಾಕಿಸಿದ ಕಲ್ಲು! ಕಾಳಿ ಯಾರು, ಮಣಲೆರನಿಗೆ ಹೇಗೆ ಸಿಕ್ಕಿತು ಅಂತ ಹೇಳಲು ಹೊರಟು ಶಾಸನ ಸಾಮ್ರಾಜ್ಯಗಳ ಕಥೆ ಹೇಳಿದೆ.

ಆದರೆ ನನ್ನನ್ನು ನಿಲ್ಲಿಸಿದ್ದು ಯುದ್ಧದ ಭಾಗವಲ್ಲ, ಕೊನೆಯ ಭಾಗ. ಆ ಕಲ್ಲಿನ ಪೂಜೆಗೆಂದು ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಗದ್ದೆ ಬಿಟ್ಟಿದ್ದಾರೆ. ಖಂಡುಗ ಅಂದರೆ ಬಿತ್ತುವ ಬೀಜದ ಅಳತೆ, ಅದರಿಂದಲೇ ಹೊಲಗದ್ದೆ ಅಳೆಯುತ್ತಿದ್ದರು. ಆ ಭೂಮಿಯನ್ನು ಹಾಳು ಮಾಡಿದವರಿಗೆ ನಾಯಿಯ ಪಾಪ ತಟ್ಟುತ್ತದೆ ಅಂತ ಬರೆಸಿದ್ದಾರೆ. ಇದು ಶಾಸನಗಳಲ್ಲಿ ಮಾಮೂಲು, ಹಸು ಕೊಂದ ಪಾಪ, ಕಾಶಿಯಲ್ಲಿ ಕೊಂದ ಪಾಪ ಅಂತೆಲ್ಲ ಇರುತ್ತದೆ. ಮಾಮೂಲಲ್ಲದ್ದು ಇದು: ಅಲ್ಲಿನ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ತಾನು ಉಂಡರೆ ಅವನಿಗೂ ನಾಯಿಯ ಪಾಪ.

ಗೊರವ ಅಂದರೆ ಆಗಿನ ಶೈವ ಪೂಜಾರಿ. (ಈಗಲೂ ಮೈಲಾರಲಿಂಗನ ಭಕ್ತರಾದ ಗೊರವರಿದ್ದಾರೆ. ಕರಿಕಂಬಳಿ ಹೊದ್ದು ಡಮರು ಬಾರಿಸುತ್ತಾ ಕುಣಿಯುತ್ತಾರೆ. ದೇವರ ನಾಯಿಗಳ ಹಾಗೆ ಬೊಗಳುತ್ತಾ ದೋಣಿಯಲ್ಲಿಟ್ಟ ಎಡೆ ತಿನ್ನುವ ಸೇವೆಯೂ ಉಂಟು.) ಶಾಸನದ ಮಾತನ್ನು ನಮ್ಮ ಮನೆಭಾಷೆಯಲ್ಲಿ ಹೇಳಿದರೆ ಇಷ್ಟೇ: ನಾಯಿಗೆ ಕೊಡದೆ ನೀನು ಊಟಕ್ಕೆ ಕೂರಬೇಡ. ಬದುಕಿದ್ದಾಗ ಇದ್ದ ಕಟ್ಟಳೆಯೇ ಸತ್ತ ಮೇಲೂ ಮುಂದುವರಿದ ಹಾಗಿದೆ. ಹೆಸರು ಒಂದು ಕಡೆ, ದಿನಾ ಬೆಳಗಾದರೆ ಮಾಡಬೇಕಾದ ಕೆಲಸ ಇನ್ನೊಂದು ಕಡೆ, ಎರಡನ್ನೂ ಒಂದೇ ಕಲ್ಲಿಗೆ ಕಟ್ಟಿಹಾಕಿದ್ದಾರೆ.

*

ಬರೀ ಹೆಸರು ಇದ್ದು ಆ ಇನ್ನೊಂದು ಇಲ್ಲದಿದ್ದರೆ ಏನಾಗುತ್ತದೆ? ಅದಕ್ಕೂ ಇತಿಹಾಸದಲ್ಲಿ ಒಂದು ನಾಯಿ ಇದೆ. ಹೆಸರು ಎಲ್ಲರಿಗೂ ಗೊತ್ತು, ಲೈಕಾ.

ಮಾಸ್ಕೋದ ಬೀದಿಯಲ್ಲಿ ಸಿಕ್ಕ ಹೆಣ್ಣು ನಾಯಿ. ಅದನ್ನು ಕುದ್ರ್ಯಾವ್ಕಾ, ಅಂದರೆ ಗುಂಗುರು ಕೂದಲಿನವಳು, ಅಂತಲೂ ಕರೆದರು. ಕೊನೆಗೆ ಉಳಿದ ಹೆಸರು ಲೈಕಾ, ಬೊಗಳುವವಳು. 1957ರ ನವೆಂಬರ್ 3ರಂದು ಸ್ಪುಟ್ನಿಕ್-2ರಲ್ಲಿ ಕೂರಿಸಿ ಮೇಲಕ್ಕೆ ಕಳಿಸಿದರು. ವಾಪಸ್ ಇಳಿಸುವ ವ್ಯವಸ್ಥೆಯೇ ಅದರಲ್ಲಿರಲಿಲ್ಲ, ಅದು ಕಳಿಸಿದವರಿಗೆ ಮೊದಲೇ ಗೊತ್ತಿತ್ತು. ಹೊರಡುವ ಮೊದಲು ವ್ಲಾದಿಮಿರ್ ಯಾಜ್ದೋವ್‌ಸ್ಕಿ ಎಂಬ ವಿಜ್ಞಾನಿ ಅದನ್ನು ಮನೆಗೆ ಕರೆದುಕೊಂಡು ಹೋಗಿ ತನ್ನ ಮಕ್ಕಳ ಜತೆ ಆಡಲು ಬಿಟ್ಟನಂತೆ. ಕೆಲವು ದಿನ ಬದುಕಿತ್ತು ಅಂತ ಜಗತ್ತಿಗೆ ಹೇಳಿದ್ದರು. ಮೇಲೆ ಹೋದ ಕೆಲವೇ ಗಂಟೆಗಳಲ್ಲಿ ಸೆಕೆ ತಾಳದೆ ಸತ್ತಿತ್ತು ಎಂಬ ಸತ್ಯ ಹೊರಬಿದ್ದದ್ದು 2002ರಲ್ಲಿ. ಆ ಕೆಲಸದಲ್ಲಿದ್ದ ಓಲೆಗ್ ಗಜೆಂಕೋ 1998ರಲ್ಲೇ, ನಾವು ಹಾಗೆ ಮಾಡಬಾರದಿತ್ತು ಅಂತ ನೊಂದುಕೊಂಡಿದ್ದ.

ಲೋಕದ ಬಾಯಲ್ಲೆಲ್ಲ ಹೆಸರಿದ್ದ ನಾಯಿ ಅದು. ಆ ಹೆಸರು ಹಿಡಿದು ಕರೆದು ಒಂದು ಲೋಟ ನೀರಿಡಲು ಒಬ್ಬರೂ ಹತ್ತಿರ ಇರಲಿಲ್ಲ.

*

ಒಂಬತ್ತನೇ ದಿನ ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಮರಿ ನನ್ನ ಕಾಲ ಬೆರಳು ಕಚ್ಚುತ್ತಿತ್ತು. ಕಾಳಿ ಅಂತಲೇ ಇಡೋಣ, ಸಾವಿರ ವರ್ಷಕ್ಕೂ ಹಳೇ ಕನ್ನಡದ ಹೆಸರು, ಕೂಗಲೂ ಸುಲಭ ಅಂತ ಭಾಷಣ ಮುಗಿಸಿದೆ.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಕಲ್ಲು ಹಾಕಿಸಿದೋನು ಯಾರು?"

"ಮಣಲೆರ."

"ದಿನಾ ಪೂಜೆ ಮಾಡಬೇಕಾದೋನು?"

"ಗೊರವ."

"ಅಷ್ಟೇ ನೋಡು" ಅಂದು ಅನ್ನ ಬಡಿಸಿದರು.

ನನಗೆ ತುತ್ತು ಇಳಿಯಲಿಲ್ಲ. ಯಾಕೆಂದರೆ ಆಫೀಸಿನಲ್ಲಿ ಎರಡು ವರ್ಷ ಆನ್‌ಸೈಟ್ ಹೋಗುವ ಮಾತು ನಡೆಯುತ್ತಿದೆ. ಅಪ್ಪ ಹೋಗಿ ಮೂರು ವರ್ಷ ಆಯಿತು. ಅಮ್ಮ ಒಬ್ಬರೇ ಆಗುತ್ತಾರೆ, ಜತೆಗೊಂದು ನಾಯಿ ಇರಲಿ ಅಂತ ನನ್ನ ಲೆಕ್ಕ. ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದಿದ್ದರೂ ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು ಅನ್ನಿಸುತ್ತೆ. ಹೆಸರಿಡುವವನು ನಾನು, ಗಂಜಿ ಕಾಯಿಸುವ ಗೊರವ ಅವರು!

ಸ್ವಲ್ಪ ಹೊತ್ತಾದ ಮೇಲೆ ಅವರೇ ಮಾತೆತ್ತಿದರು. "ತಿಪಟೂರು ಹತ್ರದ ಮನೇಲಿ ಒಂದು ನಾಯಿ ಇತ್ತಲ್ಲ, ನೆನಪಿದೆಯಾ?"

ನೆನಪಿಲ್ಲದೆ ಏನು. ನಾನು ಆಗ ಏಳನೇ ಕ್ಲಾಸು. ಅಂಗಳದಲ್ಲೇ ಮಲಗುತ್ತಿತ್ತು. ಅದಕ್ಕೊಂದು ಹೆಸರಿಡೋಣ ಅಂತ ಎಷ್ಟು ಸಲ ಕೇಳಿದರೂ ಅಮ್ಮ ಬೇಡ ಅಂದಿದ್ದರು. ಉಳಿದ ಅನ್ನ ಹಾಕುವಾಗ "ಕುರ್ರೋ ಕುರ್ರೋ" ಅಂತ ಕರೆದರೆ ಬರುತ್ತಿತ್ತು. ಅಪ್ಪನಿಗೆ ವರ್ಗವಾಯಿತು. ಸಾಮಾನಿನ ಲಾರಿ ಹೊರಟಾಗ ಕೆರೆ ಏರಿಯವರೆಗೂ ಹಿಂದೆ ಓಡಿ ಬಂತು. ನಾನು ಲಾರಿಯಿಂದ ಕೂಗಬೇಕು ಅಂದುಕೊಂಡೆ. ಏನಂತ ಕೂಗೋದು? ಹೆಸರೇ ಇರಲಿಲ್ಲ.

"ಹೆಸರಿಡದಿದ್ರೆ ಬಿಟ್ಟು ಬರೋದು ಸುಲಭ ಅಂದ್ಕೊಂಡಿದ್ದೆ" ಅಂದರು ಅಮ್ಮ. "ಆಗಲಿಲ್ಲ. ಈಗಲೂ ಅನ್ನ ಉಳಿದರೆ ಅದೇ ನೆನಪಾಗುತ್ತೆ."

ಹದಿನೈದು ವರ್ಷದಲ್ಲಿ ಈ ಮಾತು ಅವರು ಆಡಿದ್ದು ಇದೇ ಮೊದಲು.

ಮಾರನೇ ದಿನ ಬೆಳಿಗ್ಗೆ ಏಳುವಷ್ಟರಲ್ಲಿ ಅಡುಗೆಮನೆಯಿಂದ ಬೈಗುಳ ಕೇಳಿಸಿತು. ಮೊರದಲ್ಲಿ ಹುರುಳಿಕಾಳು ಆರಿಸಲು ಇಟ್ಟುಕೊಂಡಿದ್ದರು, ಮರಿ ಮೊರದೊಳಗೇ ಹೋಗಿ ಕೂತುಬಿಟ್ಟಿದೆ. ಅದೇ ಬಣ್ಣ. ಕಾಳು ಯಾವುದು, ನಾಯಿ ಯಾವುದು ಗೊತ್ತಾಗುತ್ತಿರಲಿಲ್ಲ. "ನಿನ್ನ ಕಾಳಿ ಎಲ್ಲ ಬೇಡ ಕಣೋ, ದೇವರ ಹೆಸರಿಟ್ಟು ದಿನಾ ಬೈಯೋಕಾಗುತ್ತಾ? ಕಾಳು ಅನ್ನು, ಸಾಕು" ಅಂದರು.

ಕಾಳಿಗೂ ಕಾಳುವಿಗೂ ಒಂದು ಸ್ವರದ ವ್ಯತ್ಯಾಸ. ಎರಡಕ್ಷರ, ಕೂಗಲು ಸುಲಭ. ಕ್ಸೆನೊಫೋನನೂ ಒಪ್ಪುತ್ತಿದ್ದ :)

ಒಂದು ಕರಾರು ಆಗಿದೆ. ಬೆಳಗಿನ ರಾಗಿ ಗಂಜಿ ನನ್ನದು, ರಾತ್ರಿಯ ಮೊಸರನ್ನ ಅಮ್ಮನದು. ಗಂಜಿ ಹಾಕದೆ ನಾನು ಕಾಫಿ ಕುಡಿಯುವ ಹಾಗಿಲ್ಲ. ಆನ್‌ಸೈಟ್ ಆರು ತಿಂಗಳು ಮುಂದೂಡಲು ಆಗುತ್ತಾ ಅಂತ ಮ್ಯಾನೇಜರ್‌ಗೆ ಬರೆದಿದ್ದೇನೆ. ಉತ್ತರ ಬಂದಿಲ್ಲ. ಇದನ್ನು ಬರೆಯುತ್ತಿರುವಾಗ ಕಾಳು ನನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿದೆ. ಇನ್ನೊಂದು ಚಪ್ಪಲಿ ನಿನ್ನೆಯೇ ಮುಗಿದಿದೆ.

ನಿಮ್ಮ ಮನೆಯ ನಾಯಿಯ ಹೆಸರೇನು? ಇಟ್ಟವರು ಯಾರು, ಅನ್ನ ಹಾಕುವವರು ಯಾರು? ಎರಡನ್ನೂ ಬರೆಯಿರಿ.